ಅಪ್ಪನನ್ನು ಯುದ್ಧಕ್ಕೆ ಕಳಿಸಿದ ಭಾನುವಾರ

ಕಳೆದ ಭಾನುವಾರ ನಮ್ಮಪ್ಪ ಅರವತ್ತು ಸಲ ಸತ್ತರು. ಅದೂ ಅವ್ವನ ಕಣ್ಣೆದುರಿಗೇ.

(ಗಾಬರಿಯಾಗಬೇಡಿ. ಅವರು ನಿಜವಾಗಿ ತೀರಿಕೊಂಡು ಆರು ವರ್ಷವಾಯಿತು. ಆದರೆ ಈ ಸಲ ಸಾಯಿಸಿದವನು ನಾನು. ಅದಕ್ಕೇ ಈ ವಾರದ ಅಂಕಣಕ್ಕೆ ಬೇರೆ ಯಾವ ವಿಷಯವೂ ಹೊಳೆಯುತ್ತಿಲ್ಲ.)

ನಾನು ಕಮತಗಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ, ಮನೆ ಇಳಕಲ್ಲಿನಲ್ಲಿ ಎಂಬುದು ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ ಸಂಗತಿಯೆಂದರೆ ನನಗೊಂದು ಚಟವಿದೆ. ಕಂಪ್ಯೂಟರಿನಲ್ಲಿ ಯುದ್ಧದ ಆಟ. ಹಳೆಯ ಕಾಲದ ರಾಜ್ಯಗಳು, ಅವುಗಳ ಸೈನ್ಯಗಳು. ನಾವು ಸೇನಾಪತಿಗಳ ಗತ್ತಿನಲ್ಲಿ ಕುಳಿತು ತುಕಡಿಗಳನ್ನು ಅಲ್ಲಿಂದಿಲ್ಲಿಗೆ ಓಡಿಸುವುದು. ನಲವತ್ತು ಹತ್ತಿರವಾದವನಿಗೆ ಇದೇನು ಹುಡುಗಾಟ ಅನ್ನುತ್ತೀರಾ? ಅನ್ನಿ. ಮನೆಯಲ್ಲಿ ದಿನಾ ಅನ್ನಿಸಿಕೊಂಡು ಅಭ್ಯಾಸವಾಗಿದೆ.

ಆ ಆಟದಲ್ಲಿ ಅರಬ್ಬರಿದ್ದರು, ಪರ್ಷಿಯಾದವರಿದ್ದರು, ಚೀನಾದವರಿದ್ದರು. ಚಾಲುಕ್ಯರಿರಲಿಲ್ಲ. ನಕಾಶೆಯಲ್ಲಿ ಬಾದಾಮಿ ಇರಬೇಕಾದ ಜಾಗದಲ್ಲಿ ಬರೀ ಹಸಿರು ಬಣ್ಣ, ಎರಡು ಗಿಡ. ನನಗೆ ಮೈ ಉರಿಯಿತು.

ಇಂಥ ಮೈಯುರಿಯವರೇ ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಸೈಟ್ ಮಾಡಿಕೊಂಡಿದ್ದಾರೆ. ಆಟದಲ್ಲಿ ಇಲ್ಲದ ಸೈನಿಕರನ್ನು ಇವರೇ ತಯಾರಿಸಿ ಒಳಗೆ ಸೇರಿಸುತ್ತಾರೆ. ಒಬ್ಬ ಮೈಕಟ್ಟು ಮಾಡಿದರೆ ಇನ್ನೊಬ್ಬ ಅದಕ್ಕೆ ಬಟ್ಟೆ, ಮುಖ, ಆಯುಧ ಬರೆಯುತ್ತಾನೆ. ಸಂಬಳವಿಲ್ಲ, ಸನ್ಮಾನವಿಲ್ಲ. ಹೀಗೆ ತಯಾರಾದ ತುಕಡಿಗೆ ಯುನಿಟ್ ಅನ್ನುತ್ತಾರೆ. ಒಂದು ಯುನಿಟ್ ಎಂದರೆ ಅರವತ್ತು ಮಂದಿ, ಅರವತ್ತು ಮಂದಿಗೂ ಒಂದೇ ಮುಖ. ಚಾಲುಕ್ಯರ ಕಾಲಾಳುಗಳನ್ನು ನಾನು ಮಾಡುತ್ತೇನೆ ಎಂದು ಬರೆದೆ. ಪೋಲೆಂಡಿನವನೊಬ್ಬ ಮೈಕಟ್ಟು ಕಳಿಸಿದ. ಬಣ್ಣ ನನ್ನದು.

ಬಟ್ಟೆಗಾಗಿ ಬಾದಾಮಿಗೆ ಹೋದೆ. ಗುಹೆಗಳಲ್ಲಿ ದ್ವಾರಪಾಲಕರ ನಡುಪಟ್ಟಿ, ಗಂಟು, ನೆರಿಗೆಗಳ ಫೋಟೋ ತೆಗೆಯುತ್ತಿದ್ದರೆ ಅಲ್ಲಿನ ಗೈಡ್ ತಡೆಯಲಾರದೆ ಕೇಳಿದ, "ಅಲ್ರಿ ಸರ, ಎಲ್ಲಾರೂ ದೇವರ ಮಾರಿ ಫೋಟೋ ಹೊಡೀತಾರ. ನೀವ್ಯಾಕ್ರಿ ಬರೇ ನಡಾ ಹೊಡ್ಯಾಕತ್ತೀರಿ?"

ನಡ ಸಿಕ್ಕಿತು, ಮುಖ ಸಿಗಲಿಲ್ಲ. ಕಲ್ಲಿನ ಮುಖ ಹಚ್ಚಿದರೆ ಸೈನಿಕ ಕಲ್ಲಾಗಿಯೇ ಕಾಣುತ್ತಾನೆ. ಬೇಕಾದದ್ದು ಮನುಷ್ಯನ ಫೋಟೋ, ನೇರ ಎದುರಿನಿಂದ, ನೆರಳಿಲ್ಲದೆ ತೆಗೆದದ್ದು. ನಮ್ಮ ಮನೆಯಲ್ಲಿ ಅಂಥದ್ದು ಒಂದೇ ಇತ್ತು. ಪಡಸಾಲೆಯ ಗೋಡೆಯ ಮೇಲೆ ತೂಗುಹಾಕಿದ್ದು, ಅಪ್ಪನದು.

ಇಳಿಸಿ, ಸ್ಟುಡಿಯೋಕ್ಕೆ ಒಯ್ದು, ಸ್ಕ್ಯಾನ್ ಮಾಡಿಸಿ, ಅವ್ವ ಗುಡಿಯಿಂದ ಬರುವುದರೊಳಗೆ ಮತ್ತೆ ಮೊಳೆಗೆ ಹಾಕಿದೆ. ಕಟ್ಟು ಬಿಚ್ಚುವ ತಾಳ್ಮೆ ಇರಲಿಲ್ಲ, ಗಾಜಿನ ಸಮೇತ ಸ್ಕ್ಯಾನ್. ಹಾಗಾಗಿ ಅವ್ವ ಪ್ರತಿ ಸೋಮವಾರ ಗಾಜು ಒರೆಸಿ ಹಚ್ಚುವ ಕುಂಕುಮದ ಬೊಟ್ಟೂ ಹಣೆಯ ನಡುವೆ ಬಂತು. ಅಳಿಸಲು ಹೋದವನು ಸುಮ್ಮನಾದೆ. ಚೆನ್ನಾಗಿಯೇ ಕಾಣುತ್ತಿತ್ತಲ್ಲ? ವೀರತಿಲಕ! ಸೈಟಿಗೆ ಹಾಕಿದ ಮೂರೇ ದಿನಕ್ಕೆ ಹೊಗಳಿಕೆ ಶುರುವಾಯಿತು. ಆ ತಿಲಕದ ಹಿಂದೆ ಎಷ್ಟೊಂದು ಅಧ್ಯಯನವಿದೆ ಎಂದು ಯಾರೋ ಬರೆದರು. ನಾನು ಉಬ್ಬಿದೆ. ಅದು ಗಾಜಿನ ಮೇಲಿನದು ಎಂದು ಬಾಯಿಬಿಡಲಿಲ್ಲ.

ಭಾನುವಾರ ನಾನು ಆಡುತ್ತಿದ್ದಾಗ ಅವ್ವ ಜೋಳ ಹಸನು ಮಾಡುವ ಮೊರ ಹಿಡಿದು ಹಿಂದೆ ಬಂದು ನಿಂತಳು. "ಇದೇನ್ ಸಿನಿಮಾನೋ?"

"ಆಟ ಅವ್ವಾ. ಇವರನ್ನ ನಾ ಮಾಡೇನಿ. ಗುರ್ತ ಹಿಡಿ ನೋಡೂಣು." ಒಬ್ಬನ ಮುಖ ದೊಡ್ಡದು ಮಾಡಿದೆ.

ಅವ್ವ ಕನ್ನಡಕ ಏರಿಸಿ ಬಗ್ಗಿದಳು. "ಅಯ್ಯ! ನಿಮ್ಮಪ್ಪ ಅಲ್ಲೇನೋ?" ಮುಖ ಅರಳಿತು. ಪರದೆಯನ್ನು ಬೆರಳಿನಿಂದ ಮುಟ್ಟಿದಳು. "ಮೈಮ್ಯಾಲೆ ಅಂಗೀನ ಇಲ್ಲಲ್ಲೋ! ಜಲ್ಮ ಪೂರಾ ಮಂದೀಗೆ ಸೀರಿ ನೇದಾರ, ಅವರಿಗೊಂದು ಅಂಗಿ ಹಾಕಾಕ ಆಗಲಿಲ್ಲ ನಿನಗ?"

ಇಬ್ಬರೂ ನಕ್ಕೆವು. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಜಂಬ ಸುಮ್ಮನಿರಬೇಕಲ್ಲ? "ಈಗ ನೋಡು" ಎಂದು ಅರವತ್ತೂ ಮಂದಿಯನ್ನು ಎದುರಿನ ಕುದುರೆಗಳ ಮೇಲೆ ನುಗ್ಗಿಸಿದೆ.

ಕಾಲಾಳುಗಳನ್ನು ಕುದುರೆಗಳ ಎದುರು ಬಿಡಬಾರದು. ಎರಡೇ ನಿಮಿಷ, ಒಬ್ಬೊಬ್ಬರಾಗಿ ಬಿದ್ದರು. ಬಿದ್ದವರೆಲ್ಲ ಅಪ್ಪ. ಅಂಗಾತ ಬಿದ್ದು ಆಕಾಶ ನೋಡುತ್ತಿದ್ದ ಅಪ್ಪ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತು, ಎಳೆ ಹರಿದರೆ ಒಂದು ಮಾತೂ ಬೈಯದೆ ಗಂಟು ಹಾಕುತ್ತಿದ್ದ ಮನುಷ್ಯ.

"ಆ ಬೊಟ್ಟು ಅವರು ಹ್ವಾದ ಮ್ಯಾಲೆ ನಾ ಹಚ್ಚಿದ್ದು" ಅಂದಳು ಅವ್ವ. "ಒಮ್ಮೆ ಕಳಿಸಿಕೊಟ್ಟವರನ್ನ ಮತ್ತ ಸಾಯಾಕ ಕಳಿಸಿದ್ಯಲ್ಲೋ, ಖೋಡಿ."

ಎರಡು ದಿನ ರೊಟ್ಟಿ ತಾಟಿಗೆ ಬೀಳುತ್ತಿತ್ತು, ಅಷ್ಟೇ.

ಆ ಎರಡು ದಿನ ಆಟ ಮುಟ್ಟಲಿಲ್ಲ. ಸೈಟಿನಲ್ಲಿರುವ ಉಳಿದ ಮುಖಗಳೆಲ್ಲ ಎಲ್ಲಿಂದ ಬಂದಿರಬಹುದು? ನಾನು ವಾರವಾರ ಉರುಳಿಸುವ ಆ ಕೆಂಪು ಗಡ್ಡದ ಈಟಿಯವನು ಯಾರ ಸೋದರಮಾವನೋ? ಗೆದ್ದಾಗ ಪರದೆಯ ಮೇಲೆ ಸತ್ತವರ ಸಂಖ್ಯೆ ಬರುತ್ತದೆ. ಅದನ್ನು ನೋಡುತ್ತಾ ಚಹಾ ಕುಡಿದವನು ನಾನು. ಮುಖ ಪರಿಚಯದ್ದಾದ ಮೇಲಷ್ಟೇ ಅದು ಸಾವು ಅನ್ನಿಸಿತೆಂದರೆ ಇಷ್ಟು ದಿನ ನಾನು ನೋಡಿದ್ದಾದರೂ ಏನು? ಇನ್ನೊಂದು. ಸತ್ತವರನ್ನು ಗೋಡೆಗೆ ಹಾಕಿದ ಮೇಲೆ ಅವರು ನಮ್ಮ ಸ್ವತ್ತು ಎಂದುಕೊಳ್ಳುತ್ತೇವೆ. ಲಗ್ನಪತ್ರಿಕೆಗೆ ಹಾಕುತ್ತೇವೆ, ಅಂಗಡಿಯ ಬೋರ್ಡಿಗೆ ಹಾಕುತ್ತೇವೆ. ಕೇಳುವವರು ಯಾರು? ನಮ್ಮ ಮನೆಯಲ್ಲಿ ಕೇಳಲು ಒಬ್ಬಳಿದ್ದಳು. ನಾನೇ ಕೇಳಲಿಲ್ಲ.

ಮಂಗಳವಾರ ಸೈಬರ್ ಕೆಫೆಯಿಂದ ಸೈಟಿಗೆ ಬರೆದು ಯುನಿಟ್ ತೆಗೆಸಿದೆ. ಕೇಳಿದ ತಕ್ಷಣ ತೆಗೆದರು. ಆದರೆ ಈಗಾಗಲೇ ಇಳಿಸಿಕೊಂಡವರ ಕಂಪ್ಯೂಟರಿನಿಂದ ಅದನ್ನು ವಾಪಸ್ ತರಿಸುವುದು ಯಾರ ಕೈಯಲ್ಲೂ ಇಲ್ಲ ಎಂದರು. ಮನೆಗೆ ಬಂದು ಅದನ್ನೂ ಅವ್ವನಿಗೆ ಹೇಳಿದೆ. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ.

"ಈಗ ಯಾವ್ಯಾವ ಊರಾಗ ಅದಾರ?"

"ಗೊತ್ತಿಲ್ಲವ್ವಾ. ಪೋಲೆಂಡ್, ಬ್ರೆಜಿಲ್... ನಮ್ಮ ಬಾಗಲಕೋಟಿಯೊಳಗೂ ಆಡ್ತಾರ."

ಅವ್ವ ಗೋಡೆಯ ಮೇಲಿನ ಫೋಟೋದತ್ತ ತಿರುಗಿದಳು. "ಹಂಗಾರ ಅವರಿಗೆಲ್ಲ ಒಂದ್ ಚೀಟಿ ಬರಿ. ಇವರು ಬಡದಾಡೋ ಪೈಕಿ ಅಲ್ಲರಿ, ಹಿಂದಿನ ಸಾಲಿನಾಗ ನಿಂದರಸ್ರಿ ಅಂತ."

ಬರೆದೆ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಇಂಗ್ಲಿಷಿನಲ್ಲಿ, ಅದೇ ಸೈಟಿಗೆ. ಪೋಲೆಂಡಿನವನು ಮರುದಿನವೇ ಉತ್ತರಿಸಿದ. ತನ್ನ ಆಟದಲ್ಲಿ ಅವರನ್ನು ಇನ್ನು ಯುದ್ಧಕ್ಕೆ ಕಳಿಸುವುದಿಲ್ಲವಂತೆ, ಊರಬಾಗಿಲ ಕಾವಲಿಗೆ ಹಾಕಿದ್ದಾನಂತೆ. ಓದಿ ಹೇಳಿದೆ. ಅವತ್ತು ರೊಟ್ಟಿಯ ಮೇಲೆ ಬೆಣ್ಣೆ ಬಂತು. ಉಳಿದವರಿಂದ ಇನ್ನೂ ಸುದ್ದಿಯಿಲ್ಲ. ಇಂಗ್ಲಿಷ್ ಚೀಟಿ ಕಣ್ಣಿಗೆ ಬೀಳದವರು ನಿಮ್ಮಲ್ಲೂ ಇರಬಹುದು, ಅದಕ್ಕೇ ಇಲ್ಲಿ ಕನ್ನಡದಲ್ಲಿ ಕೇಳುತ್ತಿದ್ದೇನೆ.

ನಿಮ್ಮ ಕಂಪ್ಯೂಟರಿಗೆ ನಮ್ಮಪ್ಪ ಬಂದಿದ್ದರೆ, ದಯವಿಟ್ಟು ಹಿಂದಿನ ಸಾಲಿನಲ್ಲಿ ನಿಲ್ಲಿಸುತ್ತೀರಾ?