ಬಂದರಿನಾಚೆಯ ಬಯಲು

ಬಿಬವೇವಾಡಿಯ ನಮ್ಮ ಕೆಳಗಿನ ಮನೆಯ ಯಜಮಾನರು ಹಳೆಯ ನಕ್ಷೆಗಳನ್ನು ರಿಪೇರಿ ಮಾಡುತ್ತಿದ್ದರು. ಹರಿದ ಹಾಳೆಯ ಬೆನ್ನಿಗೆ ಮೈದಾ ಅಂಟು ಸವರಿ ತೆಳುಬಟ್ಟೆ ಹಚ್ಚುವರು. ಬೂಷ್ಟು ಕಂಡರೆ ಉಸಿರು ಬಿಗಿಹಿಡಿದು ಬ್ಲೇಡಿನ ತುದಿಯಿಂದ ಕೆರೆಯುವರು. ಗಿರಾಕಿಗಳೊಡನೆ ಮರಾಠಿ, ನನ್ನೊಡನೆ ಕಲಬುರಗಿಯ ಕನ್ನಡ. ಯಾವ ಮಾತು ಬಂದರೂ ಕೊನೆಗೆ, "ನಕ್ಷಾ ಸುಳ್ಳು ಹೇಳಂಗಿಲ್ರಿ" ಎನ್ನುವರು. ನಾನು ಪ್ರತಿ ಸಲವೂ "ಹೌದ್ರಿ" ಎನ್ನುತ್ತಿದ್ದೆ.

ಅವರ ಗೋಡೆಯ ಮೇಲೆ ದೂರದ ನದಿ ಬಂದರೊಂದರ ನಕ್ಷೆ ಇತ್ತು. ಆ ನಗರ ಬೆಳೆಯುತ್ತಿದ್ದ ಐವತ್ತರ ದಶಕದ ಹಾಳೆ ಅದು. ಹಡಗುಕಟ್ಟೆ, ಗೋದಾಮುಗಳು, ಅವುಗಳಾಚೆ ಖಾಲಿ ಬಯಲು. ಮಗಳನ್ನು ಆ ಊರಿಗೇ ಕೊಟ್ಟಿದ್ದರು. ಹಡಗುಕಟ್ಟೆಯಾಚೆ ಮನೆ ಕೊಳ್ಳಬಹುದೇ ಎಂದು ಅವಳು ಒಮ್ಮೆ ಫೋನಿನಲ್ಲಿ ಕೇಳಿದಾಗ ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಅವರು ಎದ್ದುಹೋಗಿ ಬಯಲಿನ ಮೇಲೆ ಬೆರಳಿಟ್ಟರು. "ಗಟ್ಟಿ ನೆಲ ಅದವ್ವಾ, ತಗೋ."

ಹೋದ ಮಳೆಗಾಲದಲ್ಲಿ ಆ ನದಿ ಉಕ್ಕಿತು. ಹಡಗುಕಟ್ಟೆಯಾಚೆಯ ಮನೆಗಳು ಮುಳುಗಿದವು. ಮಗಳು ಉಳಿಯಲಿಲ್ಲ.

ಅವರು ಅಲ್ಲಿಂದ ಮರಳಿದ ಮೇಲೆ ಮಾತಾಡಿಸಲು ಹೋದೆ. ನಕ್ಷೆಯನ್ನು ನೆಲಕ್ಕೆ ಹಾಸಿಕೊಂಡು, ನೀಲಿ ಪೆನ್ಸಿಲಿನಿಂದ ಆ ಬಯಲಿನ ತುಂಬ ಪುಟ್ಟ ಪುಟ್ಟ ಗೀಟುಗಳನ್ನು ಎಳೆಯುತ್ತಿದ್ದರು. ನಕ್ಷೆಯಲ್ಲಿ ಜೌಗು ನೆಲದ ಗುರುತು ಅದು.

"ಇವು ಮೊದಲೇ ಇದ್ವುರಿ," ಎಂದರು, ತಲೆ ಎತ್ತದೆ. "ಭಾಳ ಮಾಸಿದ್ವು. ಬೂಷ್ಟು ಅಂತ ತಿಳದು ನಾನೇ ಕೆರದು ತಗದಿದ್ದೆ."

ಪೆನ್ಸಿಲಿನ ತುದಿಯನ್ನು ಅದೇ ಬ್ಲೇಡಿನಿಂದ ಚೂಪು ಮಾಡಿಕೊಂಡರು.

"ನಕ್ಷಾ ಸುಳ್ಳು ಹೇಳಂಗಿಲ್ರಿ," ಎಂದು ನನ್ನ ಮುಖ ನೋಡಿದರು.

ಆ ಒಂದು ಸಲ ನನಗೆ "ಹೌದ್ರಿ" ಎನ್ನಲಾಗಲಿಲ್ಲ.