ಇಳಿಜಾರಿನಲ್ಲಿ ಎರಡನೇ ಗೇರು

ಇಳಿಜಾರು ಬಂತೆಂದರೆ ಇಂಜಿನ್ ಬಂದ್ ಮಾಡಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಡುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ಕಡೆ ಅದೊಂದು ದೊಡ್ಡ ವಿದ್ಯೆ. ಕೊಪ್ಪದಿಂದ ಬಾಳೆಹೊನ್ನೂರಿಗೆ ಹೋಗುವಾಗ ಎಲ್ಲೆಲ್ಲಿ ಬಂದ್ ಮಾಡಬಹುದು, ಯಾವ ತಿರುವು ದಾಟಿದ ಮೇಲೆ ಮತ್ತೆ ಕೀಲಿ ತಿರುಗಿಸಬೇಕು ಎಂಬುದನ್ನು ಹಿರಿಯರು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು. ಪೆಟ್ರೋಲ್ ಉಳಿಯುತ್ತದಂತೆ. ಬ್ರೇಕು ಹಿಡಿಯದೆ ಹೊಂಡಕ್ಕೆ ಬಿದ್ದರೂ ಪೆಟ್ರೋಲ್ ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ ಅಷ್ಟೇ.

ಎರಡು ಜೀಪುಗಳನ್ನು ನಡುರಸ್ತೆಯಲ್ಲಿ ಕಿಟಕಿಗೆ ಕಿಟಕಿ ತಾಗಿಸಿ ನಿಲ್ಲಿಸಿಕೊಂಡು "ಎಂತ ಮಾರಾಯ, ಆರಾಮಾ" ಎಂದು ವಿಚಾರಿಸಿಕೊಳ್ಳುವವರ ಮೇಲೂ ನನಗೆ ಸಿಟ್ಟಿದೆ. ಆದರೆ ಅದನ್ನು ಬರೆಯಹೊರಟರೆ ನನ್ನ ಮದುವೆಯ ಕತೆ ಹಿಂದೆ ಉಳಿಯುತ್ತದೆ.

ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ನನ್ನ ಬಳಿ ಒಂದು ಹಳೇ ಮಾರುತಿ ಕಾರು, ತಲೆತುಂಬ ರಸ್ತೆ ನಿಯಮ. ಹೆಣ್ಣು ಮಾತ್ರ ಸಿಕ್ಕಿರಲಿಲ್ಲ. ನರಸಿಂಹರಾಜಪುರದ ಒಂದು ಮನೆಯಲ್ಲಿ, ಹುಡುಗಿಯ ಅಪ್ಪ ತಿರುವಿನಲ್ಲೇ ಕಾರು ನಿಲ್ಲಿಸಿದ್ದಾರೆಂದು ಕೇಸರಿಬಾತು ಬರುವ ಮೊದಲೇ ಉಪದೇಶ ಮಾಡಿದ್ದೆ. ಕಡಹಿನಬೈಲಿನಲ್ಲಿ ಹುಡುಗಿಯ ಅಣ್ಣ ಇಬ್ಬರನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಬಂದ. ಅವನಿಗೆ ಕಾನೂನು ವಿವರಿಸಿದೆ. ಎರಡೂ ಕಡೆಯಿಂದ ಮತ್ತೆ ಸುದ್ದಿಯೇ ಇಲ್ಲ.

ಆದ್ದರಿಂದ ನೆಮ್ಮಾರಿಗೆ ಹೆಣ್ಣು ನೋಡಲು ಹೊರಟ ದಿನ ಅಮ್ಮ ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಿದಳು. ಗಾಡಿಯ ವಿಷಯ ಎತ್ತಬಾರದು. ನಾನು ಎತ್ತಲಿಲ್ಲ. ಅಲ್ಲಿ ನನ್ನ ಸಂಬಳ, ಗೋತ್ರ, ನಕ್ಷತ್ರದ ವಿಚಾರಣೆ ನಡೆಯುತ್ತಿದ್ದಾಗ ಹುಡುಗಿ ಯಾರ ಹಂಗೂ ಇಲ್ಲದೆ ಬಾಯಿ ತುಂಬ ಆಕಳಿಸಿದಳು. ನನಗೂ ಅದೇ ಆಸೆಯಾಗಿ ತಡೆದುಕೊಂಡಿದ್ದೆ. ಮದುವೆಯಾದರೆ ಇವಳನ್ನೇ ಎಂದು ಆ ಕ್ಷಣವೇ ತೀರ್ಮಾನಿಸಿದೆ.

ಮಾರನೇ ದಿನ ಕೊಪ್ಪದ ನೆಂಟರ ಮನೆಯಲ್ಲಿ ಪೂಜೆ ಇತ್ತಂತೆ. ಅವರ ಜೀಪು ರಿಪೇರಿಗೆ ಹೋಗಿದ್ದರಿಂದ ಅಪ್ಪ ಮಗಳು ಅವತ್ತೇ ಬಸ್ಸಿಗೆ ಹೊರಟಿದ್ದರು. ನಮ್ಮ ಕಾರಿನಲ್ಲೇ ಬನ್ನಿ ಎಂದು ಅಮ್ಮ ಕರೆದಳು. ಹುಡುಗಿಯ ಅಪ್ಪ ನನ್ನ ಪಕ್ಕ ಕೂತರು. ಹುಡುಗಿ ಹಿಂದೆ ಅಮ್ಮನ ಜೊತೆ ಕೂತು, ಕಿಟಕಿ ಪೂರ್ತಿ ಇಳಿಸಿ, ತುಟಿ ಬಿಗಿದು ಹೊರಗೆ ನೋಡತೊಡಗಿದಳು. ಕನ್ನಡಿಯಲ್ಲಿ ಆ ಮುಖ ನೋಡಿ, ನಾನು ಇವಳಿಗೆ ಹಿಡಿಸಿಲ್ಲ ಎಂದುಕೊಂಡೆ.

ಶೃಂಗೇರಿ ದಾಟಿ ದೊಡ್ಡ ಇಳಿಜಾರು ಬಂದಾಗ ಭಾವೀ ಮಾವ ಬಾಯಿ ಬಿಟ್ಟರು.

"ಇಂಜಿನ್ ಬಂದ್ ಮಾಡಿ. ಕೆಳಗಿನ ಮೋರಿವರೆಗೆ ಅದರಷ್ಟಕ್ಕೇ ಹೋಗ್ತದೆ."

ಹಿಂದಿನಿಂದ ಅಮ್ಮನ ಮೊಣಕಾಲು ಸೀಟಿನ ಮೂಲಕ ನನ್ನ ಬೆನ್ನಿಗೆ ಒತ್ತಿತು. ನನ್ನ ಕೈ ಕೀಲಿಯವರೆಗೆ ಹೋದದ್ದು ನಿಜ. ಒಂದು ಇಳಿಜಾರು ತಾನೇ, ಹೆಂಡತಿ ಸಿಗುತ್ತಾಳೆ ಎಂದುಕೊಂಡೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕೈ ತಾನಾಗಿ ಹಿಂದೆ ಬಂದು ಎರಡನೇ ಗೇರು ಹಾಕಿತು.

"ಅದೊಂದು ನನ್ನ ಕೈಲಿ ಆಗಲ್ಲ" ಎಂದೆ.

ಅಲ್ಲಿಗೆ ಸುಮ್ಮನಾಗಿದ್ದರೆ ಸಾಕಿತ್ತು. ಆಣೆ ಮುರಿದ ಮೇಲೆ ಇನ್ನೇನು ಎಂದು, ನ್ಯೂಟ್ರಲ್‌ನಲ್ಲಿ ಗಾಡಿ ಹೇಗೆ ಹಿಡಿತ ತಪ್ಪಿ ಓಡುತ್ತದೆ, ಪ್ರತಿ ತಿರುವಿನಲ್ಲೂ ಹೇಗೆ ಬ್ರೇಕನ್ನು ತುಳಿದು ಕೂತವರನ್ನು ಕುಲುಕಾಡಿಸಬೇಕಾಗುತ್ತದೆ, ಎರಡನೇ ಗೇರಿನಲ್ಲಾದರೆ ಇಂಜಿನ್ನೇ ಹೇಗೆ ಹಿಡಿದು ಇಳಿಸುತ್ತದೆ ಎಂದು ಹರಿಹರಪುರದವರೆಗೂ ಬಿಡದೆ ವಿವರಿಸಿದೆ. ಅವರು ಮೂವತ್ತು ವರ್ಷದಿಂದ ಜೀಪು ಓಡಿಸುತ್ತಿದ್ದೇನೆ ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ಅಮ್ಮ ಹಿಂದೆ ನಿಟ್ಟುಸಿರು ಬಿಡುವುದು ಕೇಳಿಸುತ್ತಿತ್ತು.

ಕೊಪ್ಪದಲ್ಲಿ ಕಾರು ನಿಂತ ಕೂಡಲೇ ಭಾವೀ ಮಾವ ಲಗುಬಗೆಯಿಂದ ಇಳಿದು, ನೀರಿನ ಬಾಟಲಿಯ ಮುಚ್ಚಳ ತೆಗೆದು ಹಿಂದಿನ ಬಾಗಿಲಿಗೆ ಓಡಿದರು. ಮಗಳು ಆರಾಮಾಗಿ ಇಳಿದು ಸೆರಗು ಸರಿಮಾಡಿಕೊಂಡಳು. ಅವರು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಎಂತ, ಒಂದ್ಸಲನೂ ಆಗ್ಲಿಲ್ವಾ?"

"ಇಲ್ಲ ಅಪ್ಪಯ್ಯ. ಸಣ್ಣವಳಿದ್ದಾಗಿಂದ ಈ ರಸ್ತೇಲಿ ನಂಗೆ ವಾಂತಿ ಆಗದೇ ಇದ್ದಿದ್ದು ಇವತ್ತೇ." ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ, "ನಂಗೆ ಇವ್ರೇ ಆಗ್ಬಹುದು" ಎಂದಳು.

ಹೊಟ್ಟೆ ತೊಳಸಲಿಲ್ಲ ಎಂಬ ಕಾರಣಕ್ಕೆ ಒಬ್ಬಳು ಹುಡುಗಿ ನನ್ನನ್ನು ಒಪ್ಪಿದ್ದಳು. ನನಗೆ ಸಂತೋಷಕ್ಕೆ ಕಣ್ಣು ತುಂಬಿತು. ಅಮ್ಮನಂತೂ ಅಲ್ಲೇ ಅವಳ ಕೈ ಹಿಡಿದುಕೊಂಡಳು.

ಮಾವ ಬಾಟಲಿಯ ನೀರನ್ನು ತಾವೇ ಕುಡಿದರು. ನಿಧಾನಕ್ಕೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಅವಳ ಅಮ್ಮಂಗೂ ಹಿಂಗೇ, ಮದ್ವೆ ಆದಾಗಿಂದ. ಅವಳ ಹೊಟ್ಟೆಯೇ ಸರಿ ಇಲ್ಲ ಅಂತ ಬೈತಾ ಬಂದೆ ನಾನು. ಆ ಎರಡನೇ ಗೇರಿಂದು ಎಂತ ಹೇಳಿದ್ರಿ, ಇನ್ನೊಂದ್ಸಲ ಹೇಳಿ."