ಮರಿಯಮ್ಮ ಕರೆದ ಮಧ್ಯಾಹ್ನ

ದೇವರ ವಿರುದ್ಧ ವಾದಿಸಿ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳು ಮದ್ದೂರಿನ ನಮ್ಮ ಮನೆಯ ಶೋಕೇಸಿನಲ್ಲಿ ಈಗಲೂ ಇವೆ. ನಾನು ಸುಲಭಕ್ಕೆ ನಂಬುವ ಪೈಕಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ಅವ್ವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಮಂಡ್ಯದಲ್ಲಿ ಡಯಾಲಿಸಿಸ್. ಪಕ್ಕದ ಹಾಸಿಗೆ ಮಳವಳ್ಳಿ ಕಡೆಯ ಮರಿಯಮ್ಮನವರದು. ಅವರದೊಂದು ಪದ್ಧತಿ: ಸೂಜಿ ಚುಚ್ಚುವ ಮುಂಚೆ ಕೊರಳ ಶಿಲುಬೆ ಹಿಡಿದು, ತಮಗಾಗಿ ಅಲ್ಲ, ಪಕ್ಕದ ಹಾಸಿಗೆಯವರಿಗಾಗಿ ಪ್ರಾರ್ಥಿಸುವುದು.

"ಯೇಸಪ್ಪ ನನ್ನ ಸುಮ್ಕೆ ಇಲ್ಲಿ ಮಲಗಿಸಿಲ್ಲ ಮಗಾ, ಯಾವ್ದೋ ಕೆಲ್ಸಕ್ಕೆ ಮಡಗವ್ನೆ" ಅನ್ನುತ್ತಿದ್ದರು.

ಕೆಲಸ ಕೊಡುವುದಕ್ಕೆ ಕಿಡ್ನಿ ಯಾಕೆ ಕಿತ್ತುಕೊಳ್ಳಬೇಕಿತ್ತು ಎಂದು ನಾನು ವಾದಕ್ಕಿಳಿದರೆ, "ನಿನ್ ಬಾಯ್ ಮುಂದೆ ಲಾಯರ್ರೂ ನಿಲ್ಲಾಕಿಲ್ಲ ಬುಡು" ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಅವರು ಬಂದಿರಲಿಲ್ಲ. ಅವ್ವ ಚಳಿಯೆಂದು ನಡುಗುತ್ತಿದ್ದಳು. ಸೂಜಿ ಇರುವ ಕೈ ಕಾಣುತ್ತಿರಬೇಕು, ಮುಚ್ಚಬೇಡಿ ಎಂದು ನರ್ಸ್ ಹೇಳಿದ್ದರೂ, ಆಕೆ ಅತ್ತ ಹೋದಾಗ ನಾನೇ ಕಂಬಳಿಯನ್ನು ಕತ್ತಿನವರೆಗೆ ಎಳೆದು ಹೊದಿಸಿದೆ. ಅವ್ವನಿಗೆ ನಿದ್ದೆ ಹತ್ತಿತು. ರಸ್ತೆಯಾಚೆ ಟೀ ಕುಡಿಯಲು ಹೋದೆ.

ಲೋಟ ಬಾಯಿಗಿಡುವಾಗ ಬೆನ್ನ ಹಿಂದೆಯೇ ಮರಿಯಮ್ಮನವರ ದನಿ: "ಕಂಬಳಿ ತೆಗಿ ಮಗಾ."

ತಿರುಗಿದರೆ ಯಾರೂ ಇಲ್ಲ. ನನ್ನಂಥವನು ನಕ್ಕು ಸುಮ್ಮನಾಗಬೇಕಿತ್ತು. ಕಾಲು ಕೇಳಲಿಲ್ಲ, ಓಡಿತು. ಕಂಬಳಿ ಎಳೆದೆ. ಅದರಡಿ ಸೂಜಿ ಆಗಲೇ ಜಾರಿ ಹಾಸಿಗೆಯೆಲ್ಲ ರಕ್ತ. ಅವ್ವ ಎಂದರೆ ಓಗೊಡಲಿಲ್ಲ. ನರ್ಸುಗಳು ಓಡಿಬಂದರು, ನಾನು ಗೋಡೆಗೊರಗಿ ನಿಂತೆ. ಇನ್ನೈದು ನಿಮಿಷ ತಡವಾಗಿದ್ದರೆ ಎಂದು ಡಾಕ್ಟರು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಅವ್ವ ಉಳಿದಳು.

ಸಂಜೆ ಮರಿಯಮ್ಮನವರಿಗೆ ಫೋನ್ ಮಾಡಿದೆ. ಜ್ವರ ಬಂದು ಮಳವಳ್ಳಿಯ ಮನೆಯಲ್ಲೇ ಮಲಗಿದ್ದರಂತೆ. ನಿದ್ದೆಯಲ್ಲಿದ್ದೆ, ನನಗೇನೂ ಗೊತ್ತಿಲ್ಲ ಎಂದರು. ಎಲ್ಲ ಕೇಳಿಸಿಕೊಂಡು, "ಅಂಗಾರೆ ನನ್ನ ಮಡಗಿದ್ದು ಇದುಕ್ಕೇ ಇರ್ಬೇಕು ಕಣ್ ಮಗಾ" ಎಂದರು. ಅತ್ತರೋ ನಕ್ಕರೋ ತಿಳಿಯಲಿಲ್ಲ. ಅದೇ ತಿಂಗಳು ತೀರಿಕೊಂಡರು.

ನರ್ಸ್ ಹೇಳಿದ್ದನ್ನೇ ನನ್ನ ಅಳುಕು ಇನ್ನೊಬ್ಬರ ದನಿಯಲ್ಲಿ ಆಡಿಸಿತು ಎಂದು ವಾದಿಸಬಲ್ಲೆ. ಆದರೆ ಆ ಗಳಿಗೆಗೇ ಯಾಕೆ? ಮರಿಯಮ್ಮನವರು ಹೇಳಿದ್ದೇ ನಿಜ ಅನ್ನೋಣ. ನಮ್ಮವ್ವ ಉಳಿಯಲೆಂದು ಆ ಹೆಂಗಸು ಅಷ್ಟು ನರಳಬೇಕಿತ್ತೆ? ಅದನ್ನೂ ಒಪ್ಪಲಾರೆ.

ಈಗ ಸೂಜಿ ಚುಚ್ಚುವ ಮುಂಚೆ ಅವ್ವ ಪಕ್ಕದ ಹಾಸಿಗೆಯ ಹೊಸಬರ ಹೆಸರು ಕೇಳಿಕೊಂಡು ಕಣ್ಣು ಮುಚ್ಚುತ್ತಾಳೆ. ಯಾವ ದೇವರಿಗೆ ಎಂದು ನಾನು ಕೇಳಿಲ್ಲ. ಕಂಬಳಿಯ ಹೊರಗಿಟ್ಟ ಅವಳ ಕೈ ತಣ್ಣಗಿರುತ್ತದೆ. ಹಿಡಿದುಕೊಂಡು ಕೂತಿರುತ್ತೇನೆ.